ಸೈನಿಕ ಕರಾರುಗಳೂ ನಮ್ಮ ನಾಡೂ

ಅಮೇರಿಕೆ ಮತ್ತು ರಶಿಯಗಳು ಪರಸ್ಪರ ಗುರಿಯಿಟ್ಟು ನಿಲ್ಲಿಸಿರುವ ಪರಮಾಣು ಅಸ್ತ್ರಗಳ ಸಂಖ್ಯೆಗೆ ಕಟ್ಟು ಹಾಕಿದ್ದ ಕಟ್ಟಕಡೆಯ ಕರಾರಿನ ಅವಧಿಯು ೨೦೨೬ರ ಫೆಬ್ರವರಿ ೫ಕ್ಕೆ ತೀರಿತು. ೨೦೧೦ರಲ್ಲಿ ಸಹಿಯಾಗಿ ೨೦೨೧ರಲ್ಲಿ ಐದು ವರ್ಷ ಮುಂದುವರಿಸಲ್ಪಟ್ಟ ಆ ಕರಾರು, ಪ್ರಯೋಗಕ್ಕೆ ಸಿದ್ಧವಾಗಿಟ್ಟ ದೂರಗಾಮಿ ಸಿಡಿತಲೆಗಳು ಒಂದೊಂದು ಪಕ್ಷದಲ್ಲಿ ೧೫೫೦ನ್ನು ಮೀರಕೂಡದೆಂದು ವಿಧಿಸಿತ್ತು. ಮಧ್ಯಮ ದೂರದ ಕ್ಷಿಪಣಿಗಳನ್ನು ಬಹಿಷ್ಕರಿಸಿದ್ದ ೧೯೮೭ರ ಕರಾರು ೨೦೧೯ರಲ್ಲಿಯೇ ಬಿದ್ದುಹೋಗಿತ್ತು. ಕರಾರುಗಳು ಹೀಗೆ ಒಂದೊಂದಾಗಿ ಕಳಚಿ ಬೀಳುತ್ತಿರಲು ಸೈನಿಕ ಬಣಗಳು ಮಾತ್ರ ಬೆಳೆಯುತ್ತಲೇ ಇರುವವು. ೧೯೪೯ರಲ್ಲಿ ೧೨ ರಾಷ್ಟ್ರಗಳಿಂದ ಹುಟ್ಟಿದ ಉತ್ತರ ಅಟ್ಲಾಂಟಿಕ ಒಕ್ಕೂಟದಲ್ಲಿ, ೨೦೨೩ರಲ್ಲಿ ಫಿನ್ಲಂಡವೂ ೨೦೨೪ರಲ್ಲಿ ಸ್ವೀಡನ್ನೂ ಸೇರಿದ ಮೇಲೆ, ೩೨ ರಾಷ್ಟ್ರಗಳಾದವು. ಹಿಂದುಸ್ಥಾನವು ಯಾವ ಬಣದ ಕಡೆಗೆ ವಾಲಬೇಕೆಂಬ ಚರ್ಚೆಯು ದಿಲ್ಲಿಯ ಪಂಡಿತರಲ್ಲಿ ಮತ್ತೆ ಜೋರಾಗಿ ನಡೆದಿರುವದು.

ಮಾಸ್ಕೋ ವಾಶಿಂಗ್ಟನ್ನುಗಳ ಈ ಗೊಡವೆಯು ಹೊಸಪೇಟೆಯ ಒಕ್ಕಲಿಗನಿಗೆ ಏತಕ್ಕೆ, ಕನ್ನಡ ನಾಡಿನ ಏಕೀಕರಣವನ್ನೇ ವ್ರತವಾಗಿ ಹಿಡಿದ ಪತ್ರಿಕೆಗೆ ಏತಕ್ಕೆ, ಎಂದು ವಾಚಕರು ಕೇಳಬಹುದು. ಉತ್ತರವು ಸರಳವಾಗಿರುವದು. ನಮ್ಮ ನಾಡು ಹರಿದು ಹಂಚಿಹೋದದ್ದೇ ಬಲಿಷ್ಠರ ಸೈನಿಕ ಕರಾರುಗಳಿಂದ. ಆ ಹರಿದ ಅಂಚುಗಳನ್ನು ಹೊಲಿಯುವದರಲ್ಲಿ ನಮ್ಮ ಹಿರಿಯರ ಆಯುಷ್ಯಗಳು ಕಳೆದವು. ಕಾಸರಗೋಡಿನ ಹೊಲಿಗೆ ಇನ್ನೂ ಬಿದ್ದಿಲ್ಲ.

ಹಂಪೆಯ ಮಾತಂಗ ಪರ್ವತವನ್ನೇರಿ ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸಿದರೆ ಕಾಣುವ ನೆಲವು ೧೯೪೭ರ ವರೆಗೆ ಮೂರು ಪ್ರಭುತ್ವಗಳಿಗೆ ಸೇರಿದ್ದಿತು. ತುಂಗಭದ್ರೆಯ ತೆಂಕಣ ದಡದ ಹಂಪೆ, ಹೊಸಪೇಟೆ, ಕಂಪ್ಲಿಗಳು ಮದ್ರಾಸ ಇಲಾಖೆಯವು. ಹೊಳೆಯಾಚೆಗಿನ ಆನೆಗೊಂದಿಯು ನಿಜಾಮರ ಸೀಮೆ. ದಕ್ಷಿಣಕ್ಕೆ ಗೋಡೆಯಂತೆ ನಿಂತ ಸಂಡೂರಿನ ಬೆಟ್ಟಗಳು ಘೋರ್ಪಡೆ ಮನೆತನದ ಬೇರೊಂದು ಸಂಸ್ಥಾನ. ನುಡಿಯೊಂದು, ಹೊಳೆಯೊಂದು, ವಿರೂಪಾಕ್ಷನ ತೇರೊಂದು, ಅರಸೊತ್ತಿಗೆಗಳು ಮೂರು. ಹೊಳೆಗೆ ಅಣೆಕಟ್ಟು ಕಟ್ಟಬೇಕಾದರೂ ಮದ್ರಾಸು ಹೈದರಾಬಾದುಗಳು ದಶಕಗಟ್ಟಲೆ ಪತ್ರವ್ಯವಹಾರ ನಡೆಸಬೇಕಾಯಿತು. ಕೆಲಸಕ್ಕೆ ಕೈ ಹತ್ತಿದ್ದು ೧೯೪೫ರಲ್ಲಿ.

ಈ ಗೆರೆ ಹೇಗೆ ಬಿದ್ದಿತೆಂಬದನ್ನು ನಮ್ಮ ಪಾಠಶಾಲೆಗಳಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುವರು. ಅದು ಹೆಚ್ಚಿನ ಲಕ್ಷ್ಯಕ್ಕೆ ಪಾತ್ರವಾದ ಸಂಗತಿ. ೧೭೯೦ರಲ್ಲಿ ಇಂಗ್ಲೀಷ ಕಂಪನಿ, ಹೈದರಾಬಾದಿನ ನಿಜಾಮ, ಪುಣೆಯ ಪೇಶ್ವೆ, ಈ ಮೂವರೂ ಟಿಪ್ಪೂ ಸುಲ್ತಾನನ ವಿರುದ್ಧ ಕೂಟ ಕಟ್ಟಿದರು. ೧೭೯೨ರ ಶ್ರೀರಂಗಪಟ್ಟಣದ ತಹದಲ್ಲಿ ಟಿಪ್ಪುವಿನ ರಾಜ್ಯದ ಅರ್ಧಭಾಗವನ್ನು ಹಂಚಿಕೊಂಡರು. ೧೭೯೯ರಲ್ಲಿ ಅವನನ್ನು ಕೊಂದು ಇಂಗ್ಲೀಷರೂ ನಿಜಾಮನೂ ಉಳಿದುದರಲ್ಲಿಯೂ ಪಾಲು ತೆಗೆದುಕೊಂಡರು. ಬಳ್ಳಾರಿಯ ಸೀಮೆಯು ಹೀಗೆ ನಿಜಾಮನ ಪಾಲಿಗೆ ಬಂದಿತು. ಆದರೆ ನಿಜಾಮ ಅಲಿಯ ಬಳಿ ಆಗ ಸ್ವಂತ ಬಲವೆಲ್ಲಿತ್ತು? ಫ್ರೆಂಚ ಸೇನಾನಿಗಳು ತರಬೇತು ಮಾಡಿದ್ದ ಅವನ ಪಡೆಯನ್ನು ೧೭೯೮ರಲ್ಲಿ ಇಂಗ್ಲೀಷರೇ ವಿಸರ್ಜನೆ ಮಾಡಿಸಿ, ಅದರ ಸ್ಥಾನದಲ್ಲಿ ತಮ್ಮ ಸೈನ್ಯವನ್ನು ನಿಲ್ಲಿಸಿದ್ದರು. ಆ ರಕ್ಷಕ ಸೈನ್ಯದ ವೆಚ್ಚವನ್ನು ಕೊಡಬೇಕಾದವನು ನಿಜಾಮನೇ. ೧೮೦೦ರ ಅಕ್ಟೋಬರ ೧೨ರ ಕರಾರಿನಲ್ಲಿ ಅವನು, ಎರಡು ಯುದ್ಧಗಳಲ್ಲಿ ತನಗೆ ದೊರೆತಿದ್ದ ಸೀಮೆಯನ್ನು ಸೈನ್ಯದ ಸಂಬಳದ ಬಾಬತ್ತಿಗೆಂದು ಕಂಪನಿಗೆ ಒಪ್ಪಿಸಿದನು. ದತ್ತ ಮಂಡಲವೆಂಬ ಹೆಸರು ಬಂದದ್ದು ಹೀಗೆ. ದತ್ತ ಎಂದರೆ ಕೊಟ್ಟದ್ದು. ಕೊಟ್ಟವನು ನಿಜಾಮ, ಪಡೆದವರು ಇಂಗ್ಲೀಷರು; ಕೊಡಲ್ಪಟ್ಟವರು ಹೊಸಪೇಟೆ ಕಂಪ್ಲಿಗಳ ಒಕ್ಕಲುಗಳು. ಅವರನ್ನು ಯಾರೂ ಕೇಳಲಿಲ್ಲ. ಕಲೆಕ್ಟರ ಥಾಮಸ ಮನ್ರೋ ಸಾಹೇಬನು ಬಂದು ಕಂದಾಯ ಕಟ್ಟಿದ ಮೇಲೆಯೇ ಅವರಿಗೆ ತಮ್ಮ ಹೊಸ ಒಡೆಯನ ಪರಿಚಯವಾದದ್ದು.

ಒಬ್ಬ ದೊರೆಯ ಭದ್ರತೆಯ ಬಾಡಿಗೆಗೆ ಸಂದ ಈ ನೆಲವು ತಾಯ ಮಡಿಲಿಗೆ ಮರಳಿದ್ದು ೧೯೫೩ರ ಅಕ್ಟೋಬರ ೧ರಂದು. ಹನ್ನೊಂದು ದಿನ ಕಡಿಮೆ ನೂರಐವತ್ತಮೂರು ವರ್ಷ! ಆಗಲೂ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಿಗೆ ಹೋದವು. ಬಳ್ಳಾರಿ ತಾಲೂಕಿಗಾಗಿ ಮಿಶ್ರಾ ಆಯೋಗದ ಎದುರು ವಾದ ಮಂಡಿಸಿ ಗೆಲ್ಲಬೇಕಾಯಿತು. ಒಂದು ಸೈನಿಕ ಕರಾರಿನ ಮಸಿ ಒಣಗಲು ಒಂದು ಗಳಿಗೆ ಸಾಕು. ಅಳಿಸಲು ಐದಾರು ತಲೆಮಾರು ಬೇಕು.

ಇಂದಿನ ಮಹಾರಾಷ್ಟ್ರಗಳ ಕೂಟಗಳಲ್ಲಿ ಸೇರಿಕೊಂಡವರ ಸ್ಥಿತಿಯು ನಿಜಾಮ ಅಲಿಯ ಸ್ಥಿತಿಗಿಂತ ಬಹಳ ಬೇರೆಯೆಂದು ನಮಗೆ ತೋರುವದಿಲ್ಲ. ೧೯೬೨ರ ಅಕ್ಟೋಬರಿನಲ್ಲಿ ಕ್ಯೂಬಾ ದ್ವೀಪದ ಕ್ಷಿಪಣಿಗಳ ಕಾರಣ ಲೋಕವು ಪ್ರಳಯದ ಅಂಚಿಗೆ ಬಂದು ನಿಂತಿತಷ್ಟೆ. ಅದು ಬಗೆಹರಿದ ರೀತಿಯನ್ನು ನೋಡಿರಿ. ರಶಿಯವು ಕ್ಯೂಬದಿಂದ ತನ್ನ ಕ್ಷಿಪಣಿಗಳನ್ನು ತೆಗೆದುಕೊಂಡಿತು. ಅಮೇರಿಕೆಯು ಗುಟ್ಟಾಗಿ ಮಾತು ಕೊಟ್ಟು ಮರುವರ್ಷ ತುರ್ಕಸ್ಥಾನದಿಂದ ತನ್ನವನ್ನು ತೆಗೆದುಕೊಂಡಿತು. ಕ್ಯೂಬದ ಮುಖಂಡ ಕಾಸ್ಟ್ರೋನನ್ನು ಅವನ ಮಿತ್ರರು ಕೇಳಲಿಲ್ಲ. ತುರ್ಕರನ್ನು ಅವರ ಮಿತ್ರರು ಕೇಳಲಿಲ್ಲ. ಯಾರ ನೆಲದ ಮೇಲೆ ಅಸ್ತ್ರಗಳು ನಿಂತಿದ್ದವೋ, ಯಾರ ಮಕ್ಕಳು ಮೊದಲು ಸುಟ್ಟು ಬೂದಿಯಾಗುತ್ತಿದ್ದರೋ ಅವರಿಗೆ ಆ ವ್ಯವಹಾರದಲ್ಲಿ ಮಾತಿರಲಿಲ್ಲ.

ಇದು ಆಶ್ರಿತರ ಗತಿಯಾಯಿತು. ಆಶ್ರಯ ಕೊಡುವಷ್ಟು ದೊಡ್ಡವರ ಗತಿಯನ್ನು ಕಾಣಬೇಕಾದರೆ ಮಾತಂಗ ಪರ್ವತದ ಬುಡದ ಹಾಳು ಬೀದಿಗಳಿಗೇ ಇಳಿಯಬೇಕು. ಹದಿನಾರನೆಯ ಶತಮಾನದ ನಡುವಿನಲ್ಲಿ ವಿಜಯನಗರವು ದಕ್ಷಿಣಾಪಥದ ಮಹಾಶಕ್ತಿಯಾಗಿದ್ದಿತು. ಅಳಿಯ ರಾಮರಾಯನ ಕೈಯಲ್ಲಿ ಸೈನ್ಯವಿತ್ತು, ಹಣವಿತ್ತು, ಅದಕ್ಕಿಂತಲೂ ಮಿಗಿಲಾಗಿ ಚಾತುರ್ಯವಿತ್ತು. ವಿಜಾಪುರ, ಅಹಮದನಗರ, ಗೋವಳಕೊಂಡ, ಬೀದರ, ಬೇರಾರಗಳ ಐವರು ಸುಲ್ತಾನರಲ್ಲಿ ಯಾವನೂ ಬಲಿಯದಂತೆ, ಇಂದು ಒಬ್ಬನ ಕಡೆಗೆ, ನಾಳೆ ಅವನ ವೈರಿಯ ಕಡೆಗೆ ತನ್ನ ತೂಕವನ್ನು ಹಾಕುತ್ತ ತಕ್ಕಡಿಯ ಮುಳ್ಳನ್ನು ತಾನೇ ಹಿಡಿದಿದ್ದನು. ೧೫೪೩ರಲ್ಲಿ ಅಹಮದನಗರವನ್ನು ಕೂಡಿಕೊಂಡು ವಿಜಾಪುರವನ್ನು ಹೊಡೆದನು. ಹದಿನೈದು ವರ್ಷಗಳ ತರುವಾಯ ವಿಜಾಪುರವನ್ನು ಕೂಡಿಕೊಂಡು ಅಹಮದನಗರವನ್ನು ಹೊಡೆದನು. ಗೋವಳಕೊಂಡದ ಇಬ್ರಾಹಿಮ ಕುತುಬಶಹನು ಪಟ್ಟವೇರುವ ಮುನ್ನ ಅಣ್ಣನಿಗಂಜಿ ಓಡಿಬಂದು ಏಳು ವರ್ಷ ಈ ಹಂಪೆಯಲ್ಲಿಯೇ ಆಶ್ರಯ ಪಡೆದಿದ್ದನು. ವಿಜಾಪುರದ ಅಲಿ ಆದಿಲಶಹನು, ರಾಮರಾಯನಿಗೆ ಪುತ್ರಶೋಕವಾದಾಗ, ತಾನೇ ವಿಜಯನಗರಕ್ಕೆ ಬಂದು ಸಂತೈಸಿ ಹೋಗಿದ್ದನು. ಮುಂದೆ ಇದೇ ಇಬ್ರಾಹಿಮ, ಇದೇ ಅಲಿ!

ಅಸ್ತ್ರಗಳ ವಿಷಯದಲ್ಲಿಯೂ ಅಂದಿನ ರಾಜನೀತಿಯು ಇಂದಿನದಕ್ಕಿಂತ ಹಿಂದುಳಿದಿರಲಿಲ್ಲ. ಆ ಕಾಲದ ಯುದ್ಧವನ್ನು ಗೆಲ್ಲಿಸುವದು ಅರಬ್ಬೀ ಕುದುರೆ. ಅದು ಬರುವದು ಹಡಗಿನಲ್ಲಿ. ಹಡಗಿನ ದಾರಿಯು ಗೋವೆಯ ಪೋರ್ತುಗೀಜರ ಹಿಡಿತದಲ್ಲಿ. ೧೫೪೭ರಲ್ಲಿ ವಿಜಯನಗರಕ್ಕೂ ಪೋರ್ತುಗೀಜ ಅಧಿಕಾರಿ ದೊಂ ಜುವಾಂವ ದ ಕಾಸ್ತ್ರೋನಿಗೂ ಆದ ಕರಾರಿನ ತಿರುಳು, ಗೋವೆಗೆ ಬಂದ ಕುದುರೆಗಳೆಲ್ಲ ವಿಜಯನಗರಕ್ಕೇ ಸಲ್ಲಬೇಕು, ವಿಜಾಪುರಕ್ಕೆ ಸಲ್ಲಬಾರದು ಎಂಬದು. ಪರಮಾಣು ವಿದ್ಯೆಯು ತಮ್ಮ ಐವರಲ್ಲಿಯೇ ಉಳಿಯಬೇಕು, ಆರನೆಯವನ ಕೈಸೇರಬಾರದು ಎಂದು ೧೯೬೮ರಲ್ಲಿ ಮಹಾರಾಷ್ಟ್ರಗಳು ಬರೆಸಿದ ಒಪ್ಪಂದಕ್ಕೂ ಇದಕ್ಕೂ ಗೋತ್ರ ಒಂದೇ. ಎರಡರ ಫಲವೂ ಒಂದೇ ತೆರ. ಕುದುರೆ ಸಿಕ್ಕದವನು ತೋಪಿನ ಕಡೆಗೆ ಹೊರಳಿದನು. ೧೫೪೯ರಲ್ಲಿ ಅಹಮದನಗರದಲ್ಲಿ ಎರಕವಾದ, ಇಂದು ವಿಜಾಪುರದ ಬುರುಜಿನ ಮೇಲೆ ಮಲಗಿರುವ ಮಲಿಕ-ಇ-ಮೈದಾನ ತೋಪನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಮರಾಯನ ತಕ್ಕಡಿಯು ಇಪ್ಪತ್ತು ವರ್ಷ ನಡೆಯಿತು. ಆ ಇಪ್ಪತ್ತು ವರ್ಷ ವಿಜಯನಗರ ಪಟ್ಟಣವು ಶತ್ರುವಿನ ಮುಖವನ್ನು ಕಾಣಲಿಲ್ಲ. ಯುದ್ಧಗಳೆಲ್ಲ ನಡೆದದ್ದು ಕಲ್ಯಾಣದಲ್ಲಿ, ಸೊಲ್ಲಾಪುರದಲ್ಲಿ, ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಯಲ್ಲಿ. ಪರಮಾಣು ಅಸ್ತ್ರವು ೧೯೪೫ರಿಂದೀಚೆಗೆ ಲೋಕದ ಶಾಂತಿಯನ್ನು ಕಾಪಾಡಿತೆಂದು ವಾದಿಸುವ ವಿದ್ವಾಂಸರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅದು ಕಾಪಾಡಿದ್ದು ನ್ಯೂಯಾರ್ಕಿನ ಶಾಂತಿಯನ್ನು, ಲೆನಿನ್‌ಗ್ರಾಡಿನ ಶಾಂತಿಯನ್ನು. ಕೊರಿಯದಲ್ಲಿ, ವಿಯೆಟ್ನಾಮಿನಲ್ಲಿ, ಅಫಗಾನಿಸ್ಥಾನದಲ್ಲಿ ಅದು ಯಾರನ್ನು ಕಾಪಾಡಿತು? ದೊಡ್ಡವರ ಸಮತೋಲದ ಬೆಲೆಯನ್ನು ತೆರುವ ದೋಆಬವೊಂದು ಎಲ್ಲ ಕಾಲಕ್ಕೂ ಇದ್ದೇ ಇರುವದು. ಅಂದಿನ ದೋಆಬದಲ್ಲಿ ಬೆಳೆ ಸುಟ್ಟುಕೊಂಡವನು ಎರಡೂ ಕಡೆಯ ಕುದುರೆಗಳ ಗೊರಸಿಗೆ ಸಿಕ್ಕಿದ ಕನ್ನಡದ ಒಕ್ಕಲಿಗನೇ.

ಕೊನೆಗೆ ಆದುದೇನು? ಸದಾ ಒಡೆದಿರಬೇಕಾಗಿದ್ದ ಸುಲ್ತಾನರನ್ನು ರಾಮರಾಯನ ಹೆಚ್ಚಳವೇ ಒಂದುಗೂಡಿಸಿತು. ಅಹಮದನಗರದ ಚಾಂದಬೀಬಿಯನ್ನು ಅಲಿ ಆದಿಲಶಹನಿಗೆ ಕೊಟ್ಟು, ಅಷ್ಟು ದಿನ ರಕ್ತ ಹರಿಸಿದ ಸೊಲ್ಲಾಪುರದ ಕೋಟೆಯನ್ನೇ ಬಳುವಳಿಯಾಗಿ ಕಳಿಸಿದರು. ೧೫೬೫ರ ಜನವರಿಯಲ್ಲಿ ರಕ್ಕಸತಂಗಡಿಯ ಬಯಲಿನಲ್ಲಿ ನಾಲ್ವರು ಕೂಡಿ ನಿಂತರು. ಚಲಬಿ ರೂಮಿಖಾನನು ಆರುನೂರು ತೋಪುಗಳನ್ನು ಮೂರು ಸಾಲಾಗಿ ಹೂಡಿ, ಹತ್ತಿರದ ಹೊಡೆತಕ್ಕೆ ತಾಮ್ರದ ನಾಣ್ಯಗಳನ್ನೇ ತುಂಬಿ ಹಾರಿಸಿದನೆಂದು ಫರಿಷ್ತನು ಬರೆದಿರುವನು. ಎಂಬತ್ತು ಮೀರಿದ ರಾಮರಾಯನು ಸೆರೆಸಿಕ್ಕು ತಲೆಯನ್ನು ಒಪ್ಪಿಸಿದನು. ತಮ್ಮನಾದ ತಿರುಮಲನು ಭಂಡಾರವನ್ನು ಆನೆಗಳ ಮೇಲೆ ಹೇರಿಸಿ ಪೆನುಗೊಂಡೆಯ ದಾರಿ ಹಿಡಿದನು. ಕೆಲವು ತಿಂಗಳ ಲೂಟಿಯ ತರುವಾಯ ಉಳಿದದ್ದೇನೆಂಬದನ್ನು ೧೫೬೭ರಲ್ಲಿ ಬಂದ ವೆನಿಸಿನ ವ್ಯಾಪಾರಿ ಸೀಸರ ಫ್ರೆಡರಿಕನು ಕಂಡು ಬರೆದನು: ಮನೆಗಳು ನಿಂತಿವೆ, ಒಳಗೆ ಜನವಿಲ್ಲ, ಹುಲಿಗಳು ವಾಸವಾಗಿವೆ ಎಂಬುದೇ ಆ ಬರಹದ ಸಾರ.

ಈ ಯುದ್ಧವನ್ನು ಬರಿಯ ಮತದ್ವೇಷದ ಕಥೆಯಾಗಿ ಹೇಳುವವರು ನಮ್ಮಲ್ಲಿ ಬಹಳ. ಅವರ ಹೃದಯದ ನೋವು ನಮಗೂ ಉಂಟು. ಉಗ್ರನರಸಿಂಹನ ಮುರಿದ ತೋಳನ್ನು ಕಂಡು ಯಾವ ಕನ್ನಡಿಗನ ಕಣ್ಣು ಒದ್ದೆಯಾಗದು? ಕೂಟವು ಧರ್ಮದ ಹೆಸರನ್ನು ಎತ್ತಿಕೊಂಡದ್ದೂ ನಿಜವೇ. ಆದರೆ ಧರ್ಮವೊಂದೇ ಕಟ್ಟಿದ ಕೂಟವಾಗಿದ್ದರೆ ಬೇರಾರದ ಸುಲ್ತಾನನು ಏಕೆ ದೂರ ನಿಂತನು? ಗೆದ್ದವರು ಏಕೆ ಮತ್ತೆ ಒಬ್ಬರ ಮೇಲೊಬ್ಬರು ಕತ್ತಿ ಹಿರಿದರು? ೧೫೭೪ರಲ್ಲಿ ಅಹಮದನಗರವು ಬೇರಾರವನ್ನು ನುಂಗಿತು. ೧೬೧೯ರಲ್ಲಿ ವಿಜಾಪುರವು ಬೀದರವನ್ನು ನುಂಗಿತು. ೧೬೩೬ರಲ್ಲಿ ಅಹಮದನಗರವೂ ೧೬೮೬ರಲ್ಲಿ ವಿಜಾಪುರವೂ ೧೬೮೭ರಲ್ಲಿ ಗೋವಳಕೊಂಡವೂ ಮೊಗಲರ ಹೊಟ್ಟೆಗೆ ಹೋದವು. ಭಯವು ಕಟ್ಟಿದ ಕೂಟವು ಭಯ ಕಳೆದ ಮರುದಿನ ಬಿಚ್ಚಿಹೋಗುವದು. ಅದು ಕೆಡವಿದ್ದು ಮಾತ್ರ ಮತ್ತೆ ಏಳದು.

ಒಂದು ಮಾತಿನಲ್ಲಿ ಮಾತ್ರ ನಮ್ಮ ಕಾಲವು ಭಿನ್ನ. ರಕ್ಕಸತಂಗಡಿಯಲ್ಲಿ ಗೆದ್ದವನಿಗೆ ಲೂಟಿಯಾದರೂ ದೊರೆಯಿತು. ೧೯೮೬ರ ಸುಮಾರಿಗೆ ಲೋಕದ ಅಸ್ತ್ರಾಗಾರಗಳಲ್ಲಿ ೭೦,೦೦೦ದಷ್ಟು ಪರಮಾಣು ಸಿಡಿತಲೆಗಳಿದ್ದವು. ೨೦೨೫ರ ಆರಂಭಕ್ಕೆ ಅವು ೧೨,೦೦೦ಕ್ಕೆ ಇಳಿದಿದ್ದವು. ಇಳಿಸಿದ್ದು ಕರಾರುಗಳು, ಆ ಕರಾರುಗಳೇ ಈಗ ಇಲ್ಲವಾಗಿರುವವು. ಉಳಿದವುಗಳಲ್ಲಿ ನೂರರಲ್ಲೊಂದು ಪಾಲು ಸಿಡಿದರೂ, ಹಾಳೂರನ್ನು ಕಂಡು ಬರೆಯಲು ಯಾವ ವೆನಿಸಿನ ವ್ಯಾಪಾರಿಯೂ ಬರುವಂತಿಲ್ಲ.

ಇಂಥ ಪೈಪೋಟಿಯಿಂದ ಸಂಡೂರಿನಂಥ ಮೂಲೆಯ ಊರಾದರೂ ದೂರವುಳಿದೀತೇ? ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದೊಡನೆ ಮ್ಯಾಂಗನೀಸ್ ಎಂಬ ಅದಿರು ಉಂಟು. ಅದಿಲ್ಲದೆ ಉಕ್ಕಾಗದು, ಉಕ್ಕಿಲ್ಲದೆ ತೋಪೂ ಇಲ್ಲ, ಹಡಗೂ ಇಲ್ಲ. ಮೊದಲನೆಯ ಮಹಾಯುದ್ಧಕ್ಕೆ ಮುಂಚಿನಿಂದಲೇ ಜನರಲ್ ಸಂಡೂರ್ ಮೈನಿಂಗ್ ಕಂಪನಿಯೆಂಬ ಪರದೇಶೀಯ ಕಂಪನಿಯವರು ರಾಮಘಡದ ಸುತ್ತಲಿನ ಅದಿರನ್ನು ಅಗೆದು, ಹೊಸಪೇಟೆಯ ರೈಲಿನಿಂದ ಮುರಗಾವ ಬಂದರಕ್ಕೆ ಸಾಗಿಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದು ಬರ್ಲಿನ್ ಪಟ್ಟಣಕ್ಕಾಗಿ ಮನಸ್ಸು ಮುರಿದಾಗ, ರಶಿಯವು ಅಮೇರಿಕೆಗೆ ತಾನು ಕೊಡುತ್ತಿದ್ದ ಮ್ಯಾಂಗನೀಸನ್ನು ಬಿಗಿಹಿಡಿಯಿತು. ಅಮೇರಿಕೆಯ ದೃಷ್ಟಿಯು ಕೂಡಲೆ ಹಿಂದುಸ್ಥಾನದ ಗಣಿಗಳ ಮೇಲೆ ಬಿದ್ದಿತು. ೧೯೫೧ರಲ್ಲಿ ನಮ್ಮ ದೇಶವು ಕ್ಷಾಮದಿಂದ ಕಂಗೆಟ್ಟು ಗೋದಿ ಬೇಡಿದಾಗ, ಅಮೇರಿಕೆಯ ಶಾಸನಸಭೆಯು ೧೯ ಕೋಟಿ ಡಾಲರಿನ ಸಾಲವನ್ನು ಕೊಟ್ಟಿತು. ಅದರೊಂದಿಗೆ ಯುದ್ಧೋಪಯೋಗಿ ಖನಿಜಗಳಿಂದ ಸಾಲ ತೀರಿಸಿಕೊಳ್ಳುವ ಮಾತೂ ಬಂದಿತು. ತಿರುವಾಂಕೂರಿನ ಕಡಲ ಮರಳಿನಲ್ಲಿಯ ಮೊನಜೈಟ್ ಅವರಿಗೆ ಬೇಕಾಗಿತ್ತು, ಅದರಲ್ಲಿ ಪರಮಾಣು ಕಾರ್ಯಕ್ಕೆ ಒದಗುವ ಥೋರಿಯಮ್ ಇರುವದರಿಂದ. ಪಂಡಿತ ನೆಹರೂರವರು, ಹಸಿವು ಎಷ್ಟೇ ಇರಲಿ, ಆ ಮರಳನ್ನು ಕೊಡಲು ಒಪ್ಪಲಿಲ್ಲ. ನೆಹರೂರವರ ಅನೇಕ ನೀತಿಗಳನ್ನು, ಅದರಲ್ಲಿಯೂ ಭಾಷಾವಾರು ಪ್ರಾಂತರಚನೆಯಲ್ಲಿ ಅವರು ಮಾಡಿದ ತಡವನ್ನು, ನಾವು ಒಪ್ಪುವವರಲ್ಲ. ಇದನ್ನು ಮಾತ್ರ ಕೈಯೆತ್ತಿ ಮನ್ನಿಸುವೆವು.

ಚಿಕ್ಕವನು ದೊಡ್ಡವನ ನೆರಳಿಗೆ ಹೋಗದೆ ಬದುಕಲಾರನೆಂದು ವಾದಿಸುವವರುಂಟು. ಅವರು ಕಂಪ್ಲಿಯ ಕಡೆಗೆ ನೋಡಲಿ. ದಿಲ್ಲಿಯ ಮಹಮ್ಮದ ತುಘಲಖನಿಗೆ ತಿರುಗಿಬಿದ್ದ ಬಹಾಉದ್ದೀನ ಗುರ್ಶಾಸ್ಪನು ಕಂಪಿಲರಾಯನ ಮರೆಹೊಕ್ಕನು. ರಾಯನು ಶರಣಾಗತನನ್ನು ಒಪ್ಪಿಸದೆ, ಹೆಂಡಿರು ಮಕ್ಕಳನ್ನು ಅಗ್ನಿಗೆ ಕೊಟ್ಟು, ತಾನು ರಣದಲ್ಲಿ ಮಡಿದನು. ಅಲ್ಲಿಂದ ಗುರ್ಶಾಸ್ಪನು ಹೋದದ್ದು ಹೊಯ್ಸಳ ಮೂರನೆಯ ಬಲ್ಲಾಳನ ಬಳಿಗೆ. ಬಲ್ಲಾಳನು ದಿಲ್ಲಿಗೆ ಅಂಜಿ ಅವನನ್ನು ಹಿಡಿದುಕೊಟ್ಟನು. ಮುಂದೆ ಮಧುರೆಯ ಸುಲ್ತಾನನು ಆ ವೃದ್ಧ ಬಲ್ಲಾಳನನ್ನೂ ಕೊಲ್ಲಿಸಿದನು. ಮಾನ ಹಿಡಿದವನೂ ಉಳಿಯಲಿಲ್ಲ, ಮಣಿದವನೂ ಉಳಿಯಲಿಲ್ಲ. ಕಂಪಿಲನೂ ಬಲ್ಲಾಳನೂ, ಕನ್ನಡದ ಇಬ್ಬರು ದೊರೆಗಳು, ಅದಕ್ಕೆ ಮೊದಲು ಪರಸ್ಪರ ಹೊಡೆದಾಡಿ ಬಲವನ್ನು ಕಳೆದುಕೊಂಡಿದ್ದರೆಂಬದನ್ನು ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವರು. ಚಿಕ್ಕವನಿಗೆ ಮೊದಲ ಆಶ್ರಯವು ಅವನ ಒಡಹುಟ್ಟಿದವನೇ. ಏಕೀಕರಣದ ವಾದವನ್ನು ನಾವು ಹೂಡಿದ್ದು ಇದೇ ತಳಹದಿಯ ಮೇಲೆ.

೧೯೭೧ರ ಆಗಸ್ಟದಲ್ಲಿ ನಾವೇ ರಶಿಯದೊಂದಿಗೆ ಇಪ್ಪತ್ತು ವರ್ಷದ ಕರಾರು ಮಾಡಿಕೊಳ್ಳಲಿಲ್ಲವೇ, ಅದೇ ಡಿಸೆಂಬರಿನಲ್ಲಿ ಅಮೇರಿಕೆಯ ಎಂಟರಪ್ರೈಸ ಹಡಗು ಬಂಗಾಲದ ಉಪಸಾಗರಕ್ಕೆ ಬಂದಾಗ ಅದು ಒದಗಲಿಲ್ಲವೇ, ಎಂದು ಕೇಳುವರು. ಕೇಳತಕ್ಕ ಪ್ರಶ್ನೆಯೇ. ಆದರೆ ಆ ಕರಾರಿನಲ್ಲಿ, ಒಬ್ಬರ ಮೇಲೆ ದಾಳಿಯಾದರೆ ಇಬ್ಬರೂ ಕೂಡಿ ಆಲೋಚಿಸಬೇಕೆಂದಿತ್ತೇ ಹೊರತು, ರಶಿಯದ ಯುದ್ಧವೆಲ್ಲ ನಮ್ಮ ಯುದ್ಧವೆಂದಿರಲಿಲ್ಲ. ಅವರ ಕ್ಷಿಪಣಿಗೆ ನಮ್ಮ ನೆಲವನ್ನು ಬಿಟ್ಟುಕೊಟ್ಟದ್ದಿಲ್ಲ. ೧೯೭೪ರಲ್ಲಿಯೂ ೧೯೯೮ರಲ್ಲಿಯೂ ಪೋಖರಣದಲ್ಲಿ ಪ್ರಯೋಗ ನಡೆಸಿ ನಾವೂ ಪರಮಾಣು ಅಸ್ತ್ರದವರಾಗಿರುವೆವು. ಆ ಅಸ್ತ್ರವನ್ನು ತಾನಾಗಿ ಮೊದಲು ಪ್ರಯೋಗಿಸೆನೆಂದು ಹಿಂದುಸ್ಥಾನವು ಲೋಕದ ಎದುರು ಆಡಿದ ಮಾತು ಉಂಟು. ಅದನ್ನು ಸಡಿಲಿಸಬೇಕೆಂದು ಕೆಲವರು ಈಚೆಗೆ ಆಡತೊಡಗಿರುವರು. ಚೀನದ ಭಯದಿಂದ ಅಮೇರಿಕೆಯ ಸೈನಿಕ ಕೂಟಕ್ಕೆ ಪೂರ್ತಿಯಾಗಿ ಸೇರಿಬಿಡಬೇಕೆಂದು ಬೇರೆ ಕೆಲವರು ಬರೆಯುತ್ತಿರುವರು. ಇವೆರಡನ್ನೂ ನಾವು ಸ್ಪಷ್ಟವಾಗಿ ವಿರೋಧಿಸುವೆವು. ಸ್ನೇಹವನ್ನು ಎಲ್ಲರೊಡನೆ ಬೆಳೆಸಲಿ, ವ್ಯಾಪಾರವನ್ನು ಮಾಡಲಿ, ಗಡಿಯಲ್ಲಿ ಪಡೆಯನ್ನು ಬಲಪಡಿಸಲಿ. ಸಹಿ ಮಾಡುವ ಮುನ್ನ ಕರ್ನಾಟಕದ ಪ್ರತಿನಿಧಿಗಳು ಲೋಕಸಭೆಯಲ್ಲಿ ಎದ್ದು ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯಲಿ: ಯಾರ ಯುದ್ಧಕ್ಕೆ ನಾವು ಕಟ್ಟುಬೀಳುವೆವು, ಯಾವ ನೆಲದ ಮೇಲೆ ಯಾರ ಅಸ್ತ್ರವು ನಿಲ್ಲುವದು, ಬಿಡುಗಡೆ ಬೇಕೆಂದಾಗ ಬಿಡಿಸಿಕೊಳ್ಳುವ ದಾರಿ ಯಾವುದು. ೧೮೦೦ರಲ್ಲಿ ಈ ಪ್ರಶ್ನೆಗಳನ್ನು ಕೇಳಲು ಬಳ್ಳಾರಿ ಸೀಮೆಯ ಪ್ರತಿನಿಧಿಯೆಂಬವನು ಎಲ್ಲಿಯೂ ಇರಲಿಲ್ಲ. ಈಗ ಇರುವನು, ಹೊಸಪೇಟೆ, ಸಂಡೂರು, ಕಂಪ್ಲಿಗಳ ಮತದಾರರು ಅವನನ್ನು ಕಳಿಸಿರುವರು.